ಮೋಜಿನ ಅಕ್ಷರಕ್ಕೆ ಜಾಗ ಎಲ್ಲಿ?

ಬೋಧನಾಭ್ಯಾಸ ಮುಗಿಯುವ ಹೊತ್ತಿಗೆ ಪ್ರಶಿಕ್ಷಣಾರ್ಥಿಗಳು ತಯಾರಿಸಿದ ಪಾಠೋಪಕರಣಗಳನ್ನು ಸಾಲಾಗಿ ಜೋಡಿಸಿಟ್ಟು ನೋಡಿದರೆ ಈಚಿನ ಕೆಲವು ವರ್ಷಗಳ ಒಂದು ಬದಲಾವಣೆ ಎದ್ದು ಕಾಣುತ್ತದೆ. ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಬರೆದ ಚಾರ್ಟುಗಳು ಕಡಿಮೆಯಾಗಿವೆ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಸಿದ್ಧಪಡಿಸಿ, ಆಳಂದದಲ್ಲೋ ಕಲಬುರಗಿಯಲ್ಲೋ ಬಣ್ಣದ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ತಂದವು ಹೆಚ್ಚಾಗಿವೆ. ಅವುಗಳಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯ ಅಕ್ಷರದಲ್ಲಿರುತ್ತವೆ: ದಪ್ಪಗೆ, ಉಬ್ಬಿಕೊಂಡು, ಮೂಲೆಗಳೆಲ್ಲ ದುಂಡಗಾಗಿ, ಹಳೆಯ ಸಿನಿಮಾ ಪೋಸ್ಟರನ್ನೂ ಬಿಸ್ಕತ್ತಿನ ಪೊಟ್ಟಣವನ್ನೂ ಒಟ್ಟಿಗೆ ನೆನಪಿಸುವಂಥ ಅಕ್ಷರ. ಹುಡುಗರು ಇದನ್ನು ‘ಸ್ಟೈಲ್ ಫಾಂಟ್’ ಅನ್ನುತ್ತಾರೆ. ನಾನು ಮೋಜಿನ ಅಕ್ಷರ ಎಂದು ಕರೆಯುತ್ತೇನೆ.

ಇದರ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಹಿರಿಯ ಉಪನ್ಯಾಸಕರಲ್ಲಿ ಕೆಲವರು ಇದನ್ನು ಪೂರ್ತಿ ಬಿಡಬೇಕು, ಪಠ್ಯಪುಸ್ತಕದ ಅಕ್ಷರವೇ ಸಾಕು ಎನ್ನುತ್ತಾರೆ. ಪ್ರಶಿಕ್ಷಣಾರ್ಥಿಗಳು, ಮಕ್ಕಳಿಗೆ ಇದೇ ಹಿಡಿಸುತ್ತದೆ, ಚಾರ್ಟು ತೂಗುಹಾಕಿದ ಕೂಡಲೇ ‘ಭಾರಿ ಅದ ಸರ್’ ಅಂತಾರೆ ಎಂದು ವಾದಿಸುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಯಾವ ತರಗತಿ, ಯಾವ ಹಂತ, ಯಾವ ಮಗು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುತ್ತಿಲ್ಲ ಎಂಬುದು ನನ್ನ ತಕರಾರು. ಅಕ್ಷರ ಕಲಿಯುತ್ತಿರುವ ಮಗುವಿನ ಮುಂದೆ ಮೋಜಿನ ಅಕ್ಷರ ಇಡಬಾರದು. ಅಕ್ಷರ ಕಲಿತ ಮಗುವಿನ ಕೈಗೆ ಅದನ್ನು ಕೊಡದೆ ಇರಲೂಬಾರದು.

ಮೊದಲು ಈ ರುಚಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ. ಷಿಕಾಗೋದ ಆಸ್ವಾಲ್ಡ್ ಕೂಪರ್ ಎಂಬ ಅಕ್ಷರ ಕಲಾವಿದ ರೂಪಿಸಿದ ‘ಕೂಪರ್ ಬ್ಲ್ಯಾಕ್’ ಎಂಬ ಇಂಗ್ಲಿಷ್ ಅಚ್ಚು 1922ರಲ್ಲಿ ಬಂತು. ಅದು ಹುಟ್ಟಿದ್ದು ಜಾಹೀರಾತಿಗಾಗಿ: ದೂರದಿಂದ ಕಣ್ಣು ಸೆಳೆಯಬೇಕು, ಎರಡು ಮೂರು ಪದಗಳಲ್ಲಿ ಕೆಲಸ ಮುಗಿಸಬೇಕು. 1960–70ರ ದಶಕಗಳಲ್ಲಿ ಅದು ಹಾಡಿನ ತಟ್ಟೆಗಳ ಹೊದಿಕೆ, ಪೋಸ್ಟರು, ಅಂಗಿಗಳ ಮೇಲೆಲ್ಲ ಹರಡಿತು. ಇಂದು ‘ರೆಟ್ರೋ’ ಎಂದು ಕರೆಯುವ ದುಂಡು ದಪ್ಪ ಅಕ್ಷರದ ಮೋಹ ಬಹುಮಟ್ಟಿಗೆ ಆ ಕಾಲದ ನೆನಪೇ. ಕನ್ನಡಕ್ಕೆ ಇಂಥ ಉತ್ಸಾಹದ ಯುನಿಕೋಡ್ ಫಾಂಟುಗಳು ಎಲ್ಲರ ಕೈಗೆ ಉಚಿತವಾಗಿ ಸಿಕ್ಕಿದ್ದು ಕಳೆದ ಹತ್ತು ವರ್ಷಗಳ ಈಚೆಗೆ. ಮುಂಬೈಯ ಏಕ್ ಟೈಪ್ ತಂಡದ ‘ಬಾಲೂ’ ಇವುಗಳಲ್ಲಿ ಹೆಚ್ಚು ಕಾಣಸಿಗುವಂಥದು. ಅದರ ಹೆಸರುಗಳೇ ಒಂದು ತಮಾಷೆ. ಒಂದೊಂದು ಲಿಪಿಯ ಆವೃತ್ತಿಗೂ ಆಯಾ ಭಾಷೆಯಲ್ಲಿ ಅಣ್ಣತಮ್ಮಂದಿರನ್ನು ಕರೆಯುವ ಮಾತನ್ನೇ ಇಟ್ಟಿದ್ದಾರೆ: ಗುಜರಾತಿಗೆ ಭಾಯಿ, ಪಂಜಾಬಿಗೆ ಪಾಜಿ, ಬಂಗಾಳಿಗೆ ದಾ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ, ಅರಬ್ಬಿ ಲಿಪಿಗೆ ಭಾಯಿಜಾನ್. ಕನ್ನಡದ್ದು ‘ಬಾಲೂ ತಮ್ಮ’. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ ಇನ್ನೊಂದು. ಅದು ಬೇರೆಯೇ ಲಯದ ಪ್ರಯೋಗ, ಶೀರ್ಷಿಕೆಗೆಂದೇ ಮಾಡಿದ್ದು. ಎರಡೂ ಒಳ್ಳೆಯ ಕೆಲಸಗಳೇ. ನಾನು ಮುಂದೆ ಹೇಳುವ ಯಾವ ತೊಂದರೆಗೂ ಅವುಗಳನ್ನು ಮಾಡಿದವರು ಹೊಣೆಯಲ್ಲ. ಇವು ಶೀರ್ಷಿಕೆಯ ಅಕ್ಷರಗಳು ಎಂದು ಅವರೇ ಹೇಳಿ ಕೊಟ್ಟಿದ್ದಾರೆ. ಮೊದಲ ತರಗತಿಯ ಮಿಂಚುಪಟ್ಟಿಗೆ ತಂದು ಅಂಟಿಸಿದವರು ಬೇರೆ.

ಇಂಗ್ಲಿಷಿನ ದಪ್ಪ ಅಕ್ಷರವನ್ನು ಎಷ್ಟು ಊದಿಸಿದರೂ ಅದು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಏಕೆಂದರೆ ಅದರ ಅಕ್ಷರಗಳ ಎಲುಬು ಒಂದಕ್ಕೊಂದು ಬೇರೆ. ಕನ್ನಡದ ಸ್ವಭಾವ ಹಾಗಲ್ಲ. ನಮ್ಮ 49 ಅಕ್ಷರಗಳಲ್ಲಿ ಎಷ್ಟೋ ಒಂದೇ ಮೈಯವು. ಅವುಗಳನ್ನು ಬೇರೆ ಮಾಡುವುದು ಒಂದು ಗೀಟು, ಒಂದು ಚುಕ್ಕೆ, ಒಂದು ಸಂದು. ದ–ಧ–ಥ ನೋಡಿ. ದ ಕೆಳಗೆ ಸಣ್ಣ ಗೀಟು ಬಂದರೆ ಧ, ಧ ಹೊಟ್ಟೆಯಲ್ಲಿ ಚುಕ್ಕೆ ಬಂದರೆ ಥ. ಪ ಕೆಳಗೆ ಗೀಟು ಬಂದರೆ ಫ, ಪ ಹೊಟ್ಟೆ ಸೀಳಿದರೆ ಷ. ರ ನಡುವೆ ಚುಕ್ಕೆ ಇಟ್ಟರೆ ಠ. ‘ಹಾವು’ ಎಂಬಲ್ಲಿ ವು ಬರೆಯುವಾಗ ಕೊಂಬನ್ನು ಪಕ್ಕಕ್ಕೆ ಎಳೆಯದೆ ಕೆಳಕ್ಕೆ ಇಳಿಸುತ್ತೇವೆ. ಇಳಿಸದಿದ್ದರೆ ಅದು ಮ ಆಗಿಬಿಡುತ್ತದೆ. ನಮ್ಮ ಲಿಪಿಯಲ್ಲಿ ಅರ್ಥ ಅಡಗಿರುವುದು ಇಂಥ ಸಣ್ಣಪುಟ್ಟ ಜಾಗಗಳಲ್ಲಿ. ಅಕ್ಷರ ಊದಿಕೊಂಡಾಗ ಮೊದಲು ಮುಚ್ಚಿಹೋಗುವುದು ಆ ಜಾಗಗಳೇ. ಕಪ್ಪು ಹೆಚ್ಚಾದಷ್ಟೂ ಒಳಗಿನ ಬಿಳಿ ಕಡಿಮೆಯಾಗುತ್ತದೆ, ಮತ್ತು ಮಗು ಓದುವುದು ಕಪ್ಪನ್ನಷ್ಟೇ ಅಲ್ಲ, ಒಳಗಿನ ಬಿಳಿಯನ್ನೂ.

ತಲೆಕಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಹಲವು ಮೋಜಿನ ಫಾಂಟುಗಳಲ್ಲಿ ತಲೆಕಟ್ಟು ಒಂದು ಅಲಂಕಾರದ ವಸ್ತುವಾಗುತ್ತದೆ: ಅಲೆಯಂತೆ ಬಳುಕುತ್ತದೆ, ಉಂಡೆಯಾಗುತ್ತದೆ, ಕೆಲವೊಮ್ಮೆ ಇಲ್ಲವೇ ಆಗುತ್ತದೆ. ಓದಲು ಬಲ್ಲವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಕಾಗುಣಿತ ಕಲಿಯುವ ಮಗುವಿಗೆ ತಲೆಕಟ್ಟು ಅಲಂಕಾರವಲ್ಲ, ಅಕಾರದ ಗುರುತು. ತ ಎಂಬಲ್ಲಿ ತಲೆಕಟ್ಟು ಇದೆ. ತಿ ಆದಾಗ ಅದು ಹೋಗಿ ಆ ಜಾಗಕ್ಕೆ ಗುಡಿಸು ಬರುತ್ತದೆ. ತೆ ಆದಾಗ ಏತ್ವ ಬರುತ್ತದೆ. ಒಂದು ಹೋಗಿ ಇನ್ನೊಂದು ಬರುವ ಈ ಆಟ ಕಣ್ಣಿಗೆ ಕಂಡರೆ ಮಾತ್ರ ಕಾಗುಣಿತ ಬಾಯಿಪಾಠವಾಗದೆ ತಿಳಿವಳಿಕೆಯಾಗುತ್ತದೆ. ಬಳುಕಿದ ತಲೆಕಟ್ಟಿಗೂ ಊದಿದ ಗುಡಿಸಿಗೂ ಎರಡು ಮಾರು ದೂರದಿಂದ ವ್ಯತ್ಯಾಸ ತಿಳಿಯದಿದ್ದರೆ, ನಾವು ಆ ಆಟದ ನಿಯಮವನ್ನೇ ಮರೆಮಾಚಿದಂತೆ.

ಇದನ್ನು ಪರೀಕ್ಷಿಸಲು ಬೇರೆ ಪದ ಹುಡುಕಬೇಕಾಗಿಲ್ಲ, ನಮ್ಮ ಊರುಗಳ ಹೆಸರೇ ಸಾಕು. ಕಿಣ್ಣಿ ಸುಲ್ತಾನ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಐದೇ ಅಕ್ಷರ. ಅದರಲ್ಲಿ ಎರಡು ಗುಡಿಸು, ಒಂದು ಕೊಂಬು, ಒಂದು ಇಳಿ, ಎರಡು ಒತ್ತು. ಕನ್ನಡ ಬರಹದ ಮೂರೂ ಅಂತಸ್ತು ಈ ಒಂದು ಹೆಸರಿನಲ್ಲಿ ಸಿಗುತ್ತವೆ: ಮೇಲೆ ಗುಡಿಸು, ನಡುವೆ ಮೈ, ಕೆಳಗೆ ಒತ್ತು. ಇದನ್ನು ಸಾದಾ ಅಚ್ಚಿನಲ್ಲಿ ಒಮ್ಮೆ, ಅತಿ ದಪ್ಪ ಮೋಜಿನ ಅಚ್ಚಿನಲ್ಲಿ ಒಮ್ಮೆ, ಮಿಂಚುಪಟ್ಟಿಯ ಅಳತೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ. ತರಗತಿಯ ಕೊನೆಯ ಸಾಲಿಗೆ ಹೋಗಿ ಚಕ್ಕಂಬಕ್ಕಳ ಹಾಕಿ ಕುಳಿತು ನೋಡಿ. ಉಪನ್ಯಾಸಕರೂ ಕೂಡಬೇಕು, ಮಗುವಿನ ಕಣ್ಣು ಇರುವ ಎತ್ತರ ಅದೇ. ಎರಡನೆಯದರಲ್ಲಿ ಣ ಒತ್ತು ಮತ್ತು ತ ಒತ್ತು ಹುಣಸೆ ಬೀಜದ ಹಾಗೆ ಕಾಣುತ್ತವೆ. ದಪ್ಪ ಅಕ್ಷರಕ್ಕೆ ಕೆಳಗೆ ಜಾಗ ಬೇಕಾಗುತ್ತದೆ. ಒತ್ತನ್ನು ಕುಗ್ಗಿಸದೆ ಸಾಲು ಕೂಡುವುದಿಲ್ಲ. ಕುಗ್ಗಿಸಿ ದಪ್ಪ ಮಾಡಿದರೆ ಅದರೊಳಗಿನ ಸುರುಳಿ ಉಳಿಯುವುದಿಲ್ಲ. ನಿಮಗೆ ಅದು ‘ಸುಲ್ತಾನ’ ಎಂದು ಓದಲು ಬರುತ್ತದೆ, ಏಕೆಂದರೆ ಊರಿನ ಹೆಸರು ನಿಮಗೆ ಮೊದಲೇ ಗೊತ್ತು. ಗೊತ್ತಿದ್ದದ್ದನ್ನು ಗುರುತಿಸುವುದು ಬೇರೆ, ಗೊತ್ತಿಲ್ಲದ್ದನ್ನು ಓದುವುದು ಬೇರೆ.

ನನ್ನ ಅವಲೋಕನದಲ್ಲಿದ್ದ ಒಂದು ಎರಡನೆಯ ತರಗತಿಯ ಪಾಠ ಇಲ್ಲಿ ಹೇಳಬೇಕು. ಪ್ರಶಿಕ್ಷಣಾರ್ಥಿ ಶ್ರಮಪಟ್ಟು ಮಾಡಿದ್ದ ಮಿಂಚುಪಟ್ಟಿಗಳಲ್ಲಿ ಒಂದರ ಮೇಲೆ ‘ರಥ’ ಎಂದಿತ್ತು, ಪಕ್ಕದಲ್ಲಿ ತೇರಿನ ಚಿತ್ರ. ತಾಂಡಾದಿಂದ ಬರುವ ಒಬ್ಬ ಹುಡುಗಿಯನ್ನು ಎಬ್ಬಿಸಿ ಕೇಳಿದರು. ಅವಳು ಚಿತ್ರ ನೋಡಿ ಗಟ್ಟಿಯಾಗಿ ‘ತೇರು’ ಎಂದಳು. ನಮ್ಮ ಕಡೆ ಜಾತ್ರೆಯಲ್ಲಿ ಎಳೆಯುವುದು ತೇರೇ, ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಚಿತ್ರ ಮುಚ್ಚಿ ಅಕ್ಷರ ಮಾತ್ರ ತೋರಿಸಿದಾಗ ‘ರದ’ ಎಂದಳು. ಎರಡು ಸಲ ಕೇಳಿದರೂ ‘ರದ’. ಆ ದಿನದ ಪ್ರತಿಫಲನ ದಿನಚರಿಯಲ್ಲಿ ಪ್ರಶಿಕ್ಷಣಾರ್ಥಿ ಬರೆದ ಸಾಲು: ಈ ವಿದ್ಯಾರ್ಥಿನಿಗೆ ಮಹಾಪ್ರಾಣಗಳ ಪರಿಚಯವಿಲ್ಲ, ಪರಿಹಾರ ಬೋಧನೆ ಬೇಕು. ಮರುದಿನ ಅದೇ ಪದವನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು ಕೇಳಲು ಹೇಳಿದೆ. ಹುಡುಗಿ ‘ರಥ’ ಎಂದೇ ಓದಿದಳು. ಮಿಂಚುಪಟ್ಟಿಯನ್ನು ಹತ್ತಿರ ಹಿಡಿದು ನೋಡಿದರೆ ಥ ಒಳಗಿನ ಚುಕ್ಕೆ ಅಕ್ಷರದ ಮೈಗೆ ಅಂಟಿಕೊಂಡಿತ್ತು, ಕೆಳಗಿನ ಗೀಟು ಬಣ್ಣದ ನೆರಳಿನಲ್ಲಿ ಮುಳುಗಿತ್ತು. ಅವಳು ಕಾಣಿಸಿದ್ದನ್ನೇ ಓದಿದ್ದಳು.

ಅಂದರೆ ಅಕ್ಷರದ ಅಂದ ಇಲ್ಲಿ ಬರೀ ಅಂದದ ಪ್ರಶ್ನೆಯಲ್ಲ. ಒಂದು ತಪ್ಪು ನಿರ್ಣಯ ದಿನಚರಿಯಲ್ಲಿ ದಾಖಲಾಯಿತು. ಅಂಥ ದಾಖಲೆ ಮುಂದಿನ ಶಿಕ್ಷಕರ ಕೈಗೆ ಹೋದರೆ, ಮಗು ಹಿಂದಿನ ಸಾಲಿಗೆ ಹೋಗುತ್ತದೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಭಾಗದಲ್ಲಿ ಇದರ ಭಾರ ಇನ್ನೂ ಹೆಚ್ಚು. ಅದಕ್ಕೆ ಎರಡು ಕಾರಣ. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸುವುದಿಲ್ಲ. ಭೀಮಾ ನದಿಯನ್ನು ‘ಬೀಮಾ’ ಎಂದೇ ಹೇಳುತ್ತೇವೆ, ದನಕ್ಕೂ ಧನಕ್ಕೂ ಬಾಯಲ್ಲಿ ಭೇದವಿಲ್ಲ. ಹಾಗಿರುವಾಗ ಮಗುವಿಗೆ ಕಿವಿಯ ಸಹಾಯ ಸಿಗುವುದಿಲ್ಲ. ಧ ಎಂಬುದು ಧ ಎಂದು ತಿಳಿಯಲು ಆ ಒಂದು ಗೀಟೇ ಗತಿ. ಎರಡನೆಯದು ಮನೆಮಾತು. ನಮ್ಮ ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳು, ಲಂಬಾಣಿ ಆಡುವವರು, ಉರ್ದು ಆಡುವವರು, ಗಡಿಗೆ ಹತ್ತಿದ ಊರುಗಳಲ್ಲಿ ಮರಾಠಿ ಆಡುವವರು ಕೂಡಿ ಕೂತಿರುತ್ತಾರೆ. ಅಕ್ಷರ ಮಸುಕಾಗಿದ್ದರೆ ಕನ್ನಡದ ಮನೆಯ ಮಗು ಅರ್ಥದ ಮೇಲೆ ಊಹಿಸಿ ದಾಟಿಬಿಡುತ್ತದೆ. ತಾಂಡಾದ ಮಗುವಿಗೆ ಊಹಿಸಲು ಆ ಪದವೇ ಗೊತ್ತಿರುವುದಿಲ್ಲ. ಅಸ್ಪಷ್ಟ ಅಕ್ಷರ ಎಲ್ಲರಿಗೂ ಸಮಾನವಾಗಿ ಅಸ್ಪಷ್ಟವಲ್ಲ.

ಕನ್ನಡ ಅಕ್ಷರ ಕಲಿಕೆ ನಾವು ಅಂದುಕೊಂಡಷ್ಟು ಬೇಗ ಮುಗಿಯುವುದೂ ಇಲ್ಲ. ಕರ್ನಾಟಕದ ಮಕ್ಕಳ ಆರಂಭಿಕ ಓದಿನ ಮೇಲೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಮೇಲಿನ ಹಿಡಿತ ಮೊದಲ ತರಗತಿಯಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚುತ್ತದೆ ಎಂದು ತೋರಿಸಿದೆ. ಕಾಗುಣಿತ, ಒತ್ತು ಎಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು ಆಗುವಾಗ ಇದರಲ್ಲಿ ಆಶ್ಚರ್ಯವಿಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾದ ನಲಿ–ಕಲಿ ಅಕ್ಷರಗಳ ಕ್ರಮವನ್ನೇ ಬದಲಿಸಿದ್ದು ಈ ತಿಳಿವಳಿಕೆಯಿಂದಲೇ. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿದರು. ಬರೆಯಲು ಸುಲಭವಾದವು ಮೊದಲು, ಸೇರಿಸಿದರೆ ಸರ, ಅರಸ, ಗರಗಸ ಎಂದು ಕೂಡಲೇ ಪದವಾಗುವಂಥವು ಮೊದಲು. ಆಕಾರವನ್ನು ಇಷ್ಟು ಯೋಚಿಸಿ ಜೋಡಿಸಿದ ಪದ್ಧತಿಯ ತರಗತಿಗೆ, ಆಕಾರವನ್ನೇ ಮಸುಕು ಮಾಡುವ ಚಾರ್ಟು ಹೊತ್ತೊಯ್ಯುವುದು ಎಂಥ ವಿಪರ್ಯಾಸ!

ಇಷ್ಟು ಓದಿದ ಹಿರಿಯ ಸಹೋದ್ಯೋಗಿಗಳು ತಲೆಯಾಡಿಸುತ್ತಿರಬಹುದು. ಅವರಿಗೂ ಒಂದು ಮಾತು ಇದೆ. ಮೋಜಿನ ಅಕ್ಷರವನ್ನು ಶಾಲೆಯಿಂದ ಹೊರಗಿಟ್ಟರೆ ಅದು ಎಲ್ಲಿಗೂ ಹೋಗುವುದಿಲ್ಲ, ಶಾಲೆಯ ಗೇಟಿನ ಹೊರಗೇ ಇರುತ್ತದೆ. ಕಿರಾಣಿ ಅಂಗಡಿಯ ಫಲಕ, ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿ, ಉರುಸಿನ ಫ್ಲೆಕ್ಸು, ಜಾತ್ರೆಯ ಫ್ಲೆಕ್ಸು, ಕುರಕುರೆಯ ಪೊಟ್ಟಣ. ಮಗು ನಿಜವಾಗಿ ಓದಬೇಕಾದ ಜಗತ್ತು ಇದು. ಪಠ್ಯಪುಸ್ತಕದ ಒಂದೇ ಅಚ್ಚಿನಲ್ಲಿ ಮಾತ್ರ ಓದಲು ಬರುವ ಮಗುವಿಗೆ ಓದು ಬಂದಿದೆ ಎಂದು ಹೇಳಲಾಗದು. ಐದನೆಯ ತರಗತಿಯ ಮಗು ಪಾಠವನ್ನು ಸರಾಗವಾಗಿ ಓದಿ, ಬಸ್ಸಿನ ಬೋರ್ಡಿನ ಮುಂದೆ ತಡವರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅಕ್ಷರ ಹಲವು ವೇಷ ಹಾಕುತ್ತದೆ, ವೇಷದ ಒಳಗೆ ಅದೇ ಅಕ್ಷರ ಇರುತ್ತದೆ ಎಂಬುದೂ ಕಲಿಸಬೇಕಾದ ವಿಷಯವೇ. ಅದು ಎರಡನೆಯ ಪಾಠ, ಅಷ್ಟೆ.

ಈ ಕ್ರಮವನ್ನು ಬೋರ್ಡು ಬರೆಯುವ ಕಲಾವಿದರು ಪುಸ್ತಕ ಓದದೆಯೇ ಬಲ್ಲರು. ಫ್ಲೆಕ್ಸು ಬಂದ ಮೇಲೆ ಅವರ ಕೆಲಸ ಬಹಳ ಕುಗ್ಗಿದೆ, ಆದರೂ ಶಾಲೆಯ ಗೋಡೆ ಬರಹಕ್ಕೆ ಈಗಲೂ ಅವರನ್ನೇ ಕರೆಯಬೇಕು. ಕೆಲಸ ಮಾಡುವಾಗ ನಿಂತು ನೋಡಿ. ಮೊದಲು ದಾರಕ್ಕೆ ಬಣ್ಣ ಹಚ್ಚಿ ಚಿಮ್ಮಿ ಮೇಲೊಂದು ಕೆಳಗೊಂದು ಗೆರೆ ಮಾಡಿಕೊಳ್ಳುತ್ತಾರೆ. ಆಮೇಲೆ ಸೀಮೆಸುಣ್ಣದಲ್ಲಿ ಅಕ್ಷರದ ಎಲುಬು ಮಾತ್ರ ಬರೆಯುತ್ತಾರೆ, ಒತ್ತಿಗೆ ಎಷ್ಟು ಜಾಗ ಬೇಕೆಂದು ಆಗಲೇ ಬಿಟ್ಟುಕೊಳ್ಳುತ್ತಾರೆ. ನಂತರ ಚಪ್ಪಟೆ ಕುಂಚದಿಂದ ಮೈ ತುಂಬುತ್ತಾರೆ. ನೆರಳು, ಹೂ, ಬಳುಕು ಎಲ್ಲ ಕೊನೆಗೆ. ಎಲುಬು ಬರೆಯದೆ ನೇರವಾಗಿ ನೆರಳಿಗೆ ಕೈಹಾಕುವ ಕಲಾವಿದನನ್ನು ನಾನು ಕಂಡಿಲ್ಲ. ಪ್ರಶಿಕ್ಷಣಾರ್ಥಿಗಳಿಗೆ ಇಂಥವರೊಬ್ಬರಿಂದ ಅರ್ಧ ದಿನದ ಪ್ರಾತ್ಯಕ್ಷಿಕೆ ಏರ್ಪಡಿಸುವುದು ಕಪ್ಪುಹಲಗೆ ಕೌಶಲದ ಮೇಲಿನ ಎರಡು ಉಪನ್ಯಾಸಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ. (ಅವರಿಗೆ ಸಂಭಾವನೆ ಕೊಡಬೇಕು, ಹಾರ ಮತ್ತು ಪ್ರಮಾಣಪತ್ರದಲ್ಲಿ ಮುಗಿಸಬಾರದು.)

ಮಕ್ಕಳ ಪತ್ರಿಕೆಗಳೂ ಇದೇ ಕ್ರಮ ಹಿಡಿದಿದ್ದವು. 1949ರಿಂದ ಕನ್ನಡದಲ್ಲಿ ಬಂದ ಚಂದಮಾಮವನ್ನು ನೆನೆಸಿಕೊಳ್ಳಿ. ಕತೆಯ ಹೆಸರನ್ನು ಕಲಾವಿದರು ಕೈಯಿಂದ ಬಿಡಿಸುತ್ತಿದ್ದರು, ಅದಕ್ಕೆ ತನ್ನದೇ ಓಟ, ತನ್ನದೇ ಮೋಜು. ಕತೆಯೊಳಗೆ ಹೋದರೆ ಸಾದಾ ಸೀದಾ ಅಚ್ಚು. ಹೆಸರು ಮಗುವನ್ನು ಕೈಹಿಡಿದು ಬಾಗಿಲವರೆಗೆ ತರುತ್ತದೆ, ಒಳಗೆ ನಡೆಸಿಕೊಂಡು ಹೋಗುವ ಕೆಲಸ ಬೇರೆ ಅಕ್ಷರದ್ದು. ನಮ್ಮ ಚಾರ್ಟಿಗೂ ಇದೇ ಸಾಕು. ಮೇಲಿನ ಶೀರ್ಷಿಕೆ ಎಷ್ಟು ಬೇಕಾದರೂ ಕುಣಿಯಲಿ. ಮಗು ಓದಿ ಕಲಿಯಬೇಕಾದ ಪದ ನೆಟ್ಟಗೆ ನಿಲ್ಲಲಿ.

ಮೋಜಿನ ಅಕ್ಷರಕ್ಕೆ ಜಾಗಗಳು ಬೇಕಾದಷ್ಟಿವೆ. ಗೋಡೆ ಪತ್ರಿಕೆಯ ಹೆಸರು, ಮಕ್ಕಳ ಸಂತೆಯ ಅಂಗಡಿ ಫಲಕ, ಪ್ರತಿಭಾ ಕಾರಂಜಿಯ ಬ್ಯಾನರು, ಓದುವ ಮೂಲೆಯ ಹೆಸರು, ನಾಟಕದ ಕರಪತ್ರ. ಇಲ್ಲೆಲ್ಲ ಸಾದಾ ಅಕ್ಷರ ಹಾಕಿದರೆ ಕಚೇರಿಯ ಸುತ್ತೋಲೆಯ ಕಳೆ ಬರುತ್ತದೆ. ಹಲವು ಲಿಪಿಗಳು ಒಂದೇ ಫಲಕದಲ್ಲಿ ಬರಬೇಕಾದಾಗ ಬಾಲೂ ಥರದ ಕುಟುಂಬದಿಂದ ಅನುಕೂಲವೂ ಇದೆ: ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ದಪ್ಪ, ಒಂದೇ ಗತ್ತಿನಲ್ಲಿ ಕೂಡುತ್ತವೆ, ಯಾವ ಭಾಷೆಯೂ ಇನ್ನೊಂದರ ಪಕ್ಕ ಬಡವಾಗಿ ಕಾಣುವುದಿಲ್ಲ. ಉರ್ದುವಿಗೆ ಮಾತ್ರ ಎಚ್ಚರ. ಉರ್ದು ಮಕ್ಕಳು ಓದಿ ರೂಢಿಯಾದದ್ದು ಇಳಿಜಾರಾಗಿ ಹರಿಯುವ ನಸ್ತಾಲೀಖ್ ಶೈಲಿ, ಭಾಯಿಜಾನ್ ಆ ಶೈಲಿಯದಲ್ಲ. ಉರ್ದು ಮಾಧ್ಯಮವೂ ಒಂದೇ ಆವರಣದಲ್ಲಿರುವ ಶಾಲೆಗೆ ಫಲಕ ಮಾಡುವಾಗ ಆ ವಿಭಾಗದ ಶಿಕ್ಷಕರನ್ನು ಕೇಳಿಯೇ ಮುಂದುವರಿಯಬೇಕು.

ಅತ್ಯಂತ ಒಳ್ಳೆಯ ಬಳಕೆ ಎಂದು ನನಗೆ ಅನಿಸುವುದು ಇನ್ನೊಂದು. ನಾಲ್ಕು, ಐದನೆಯ ತರಗತಿಗೆ ಬಂದ ಮಕ್ಕಳಿಗೆ ಮೋಜಿನ ಅಕ್ಷರ ತೋರಿಸುವುದರ ಬದಲು ಅವರಿಂದಲೇ ಮಾಡಿಸಬೇಕು. ಒಂದು ವಾರ ಊರಿನಲ್ಲಿ ಅಕ್ಷರ ಬೇಟೆಗೆ ಕಳಿಸಿ. ಒಂದೇ ಅಕ್ಷರ, ಉದಾಹರಣೆಗೆ ಷ ಅಥವಾ ಭ, ಎಲ್ಲೆಲ್ಲಿ ಹೇಗೆ ಹೇಗೆ ಬರೆದಿದ್ದಾರೆ ಎಂದು ಅವರು ನೋಡಿ ನಕಲು ಮಾಡಿಕೊಂಡು ಬರಲಿ. ನಂತರ ತಮ್ಮ ಹೆಸರಿನ ಒಂದು ಅಕ್ಷರವನ್ನು ತಮಗಿಷ್ಟ ಬಂದ ಹಾಗೆ ಊದಿಸಿ, ಬಳುಕಿಸಿ, ಬಾಲ ಹಚ್ಚಿ ಬರೆಯಲಿ. ಷರತ್ತು ಒಂದೇ: ಪಕ್ಕದ ತರಗತಿಯ ಮಗು ಅದನ್ನು ಸರಿಯಾಗಿ ಓದಬೇಕು. ಆಗ ನೋಡಿ, ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬ ಚರ್ಚೆ ಮಕ್ಕಳಲ್ಲೇ ಎದ್ದೇಳುತ್ತದೆ. ‘ಲೇ, ಹೊಟ್ಟಿ ಸೀಳಿಲ್ಲ, ಇದು ಪ ಆಗ್ಯದ!’ ಷವನ್ನು ಎಷ್ಟು ತಿರುಚಿದರೂ ಅದು ಪ ಆಗದಂತೆ ಉಳಿಸಿಕೊಳ್ಳಬಲ್ಲ ಮಗುವಿಗೆ ಷ ಬಂತು ಎಂದೇ ಅರ್ಥ. ಇದಕ್ಕಿಂತ ನಿಚ್ಚಳವಾದ ಮೌಲ್ಯಮಾಪನ ಸಾಧನ ನನಗೆ ತಿಳಿದಿಲ್ಲ. ಅದಕ್ಕೆ ಬೇಕಾದದ್ದು ಹಳೆಯ ಕ್ಯಾಲೆಂಡರಿನ ಹಿಂಬದಿ ಮತ್ತು ಒಂದು ಇದ್ದಿಲು.

ಮಕ್ಕಳನ್ನೇ ಕೇಳಿ ಅಕ್ಷರ ತೀರ್ಮಾನಿಸುವುದು ಹೊಸ ಮಾತೂ ಅಲ್ಲ. ಇಂಗ್ಲೆಂಡಿನ ಕೈಬರಹ ತಜ್ಞೆ ರೋಸ್ಮರಿ ಸ್ಯಾಸೂನ್ ಮಕ್ಕಳ ಮುಂದೆ ಬೇರೆ ಬೇರೆ ಅಚ್ಚುಗಳನ್ನಿಟ್ಟು, ಅವರ ಅಭಿಪ್ರಾಯ ಕೇಳಿ, ಪ್ರಾಥಮಿಕ ಶಾಲೆಗೆಂದೇ ಒಂದು ಅಚ್ಚಿನ ಶೈಲಿಯನ್ನು ರೂಪಿಸಿದರು. ನಮ್ಮ ಇಂಟರ್ನ್‌ಶಿಪ್‌ನಲ್ಲಿ ಕ್ರಿಯಾಸಂಶೋಧನೆಗೆ ವಿಷಯ ಹುಡುಕಿ ಹುಡುಕಿ ಕೊನೆಗೆ ‘ಗೈರುಹಾಜರಿಗೆ ಕಾರಣಗಳು’ ಎಂದು ಬರೆಯುವವರು ಇದನ್ನು ಕೈಗೆತ್ತಿಕೊಳ್ಳಬಹುದು. ಒಂದೇ ಹತ್ತು ಪದ, ಮೂರು ಬಗೆಯ ಅಚ್ಚು, ಒಂದು ಕೈಬರಹ. ಎಲ್ಲಿ ತಡವರಿಸಿದರು, ಯಾವ ಅಕ್ಷರವನ್ನು ಯಾವುದೆಂದು ಓದಿದರು ಎಂದು ಗುರುತು ಹಾಕಿಕೊಂಡರಾಯಿತು. ಪದಗಳಲ್ಲಿ ಧ, ಥ, ಷ, ಠ, ವು, ಮತ್ತು ಒಂದೆರಡು ಒತ್ತು ಇರುವಂತೆ ಆರಿಸಿಕೊಳ್ಳಿ.

ತಾಂತ್ರಿಕ ಮಾತು ಒಂದೆರಡು, ಬೇಗ ಹೇಳಿ ಮುಗಿಸುತ್ತೇನೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ಯುನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಶಾಲೆಯ ಸ್ಮಾರ್ಟ್ ತರಗತಿಯಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯುನಿಕೋಡ್ ಫಾಂಟು ಬಳಸಿ, ಒಯ್ಯುವಾಗ ಪಿಡಿಎಫ್ ಮಾಡಿಕೊಂಡು ಒಯ್ಯಿರಿ. ಬಾಲೂ ಮೊದಲು ಒಂದೇ ದಪ್ಪದಲ್ಲಿ ಬಂದಿತ್ತು, ಈಗಿನ ‘ಬಾಲೂ ತಮ್ಮ 2’ರಲ್ಲಿ ಐದು ದಪ್ಪಗಳಿವೆ. ಅದನ್ನೇ ಬಳಸುವ ಹಟವಿದ್ದರೆ ಪದಗಳಿಗೆ ತೀರ ತೆಳುವಾದದ್ದನ್ನು ಆರಿಸಿ, ಅತಿ ದಪ್ಪದ್ದನ್ನು ಶೀರ್ಷಿಕೆಗೆ ಬಿಡಿ. ಅಕ್ಷರಕ್ಕೆ ನೆರಳು, ಹೊರಗೆರೆ, ಎರಡು ಬಣ್ಣ ಬೇಡವೇ ಬೇಡ. ‘ರಥ’ದ ಗೀಟು ಮುಳುಗಿದ್ದು ಆ ನೆರಳಿನಲ್ಲೇ. ಮುದ್ರಿಸುವ ಮೊದಲು ಒಂದು ಪುಟ ಕಪ್ಪು–ಬಿಳುಪಿನಲ್ಲಿ ಜೆರಾಕ್ಸ್ ಮಾಡಿ ನೋಡಿ. ಅದರಲ್ಲಿ ಥ ಥ ಆಗಿ ಉಳಿದರೆ ಮಾತ್ರ ಬಣ್ಣಕ್ಕೆ ದುಡ್ಡು ಹಾಕಿ. ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಈ ಖರ್ಚನ್ನು ಮನೆಯವರ ಕೂಲಿಯಿಂದಲೋ ತಮ್ಮ ವಿದ್ಯಾರ್ಥಿವೇತನದಿಂದಲೋ ತೂಗಿಸುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ.

ಅವರು ಅಷ್ಟು ಖರ್ಚು ಮಾಡುವುದು ಏಕೆ ಎಂಬುದೂ ಗೊತ್ತಿರುವ ಸಂಗತಿಯೇ. ಪಾಠೋಪಕರಣಕ್ಕೆ ಅಂಕ ಕೊಡುವ ನಮೂನೆಯಲ್ಲಿ ‘ಆಕರ್ಷಕತೆ’ ಎಂಬ ಅಂಕಣ ಇರುತ್ತದೆ. ಮಗುವಿಗೆ ಅಕ್ಷರ ಕಾಣಿಸಿತೇ ಎಂಬ ಅಂಕಣ ಇರುವುದಿಲ್ಲ. ಬಣ್ಣದ ಪ್ರಿಂಟು ತಂದವರಿಗೂ ಸೀಮೆಸುಣ್ಣದಲ್ಲಿ ದುಂಡಗೆ ಬರೆದವರಿಗೂ ನಡುವೆ ಅಂಕ ಎತ್ತ ವಾಲುತ್ತದೆ ಎಂಬುದನ್ನು ಹುಡುಗರು ಮೊದಲ ವಾರದಲ್ಲೇ ಅರಿತುಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ಮುಂದಿನ ಸಾಲಿನ ಅವಲೋಕನ ನಮೂನೆ ಅಚ್ಚಿಗೆ ಹೋಗುವ ಮುನ್ನ ಆ ಅಂಕಣದ ಹೆಸರನ್ನು ‘ಕೊನೆಯ ಸಾಲಿನಿಂದ ಓದಲು ಬರುತ್ತದೆಯೇ’ ಎಂದು ಬದಲಿಸಬೇಕೆಂದು ನಾನು ಸಿಬ್ಬಂದಿ ಸಭೆಯಲ್ಲಿ ಕೇಳಲಿದ್ದೇನೆ. ಅಂಕ ಕೊಡುವವರು ಕೊನೆಯ ಸಾಲಿನಲ್ಲಿ, ನೆಲದ ಮೇಲೆ ಕುಳಿತೇ ಕೊಡಬೇಕು ಎಂಬುದನ್ನೂ ಸೇರಿಸುತ್ತೇನೆ. ಮೊಣಕಾಲು ನೋವಿರುವವರಿಗೆ ಒಂದು ಸಣ್ಣ ಮಣೆ ಇಡಬಹುದು.